ತಮ್ಮನ ಹಿತ್ತಲಿನ ಜಲಪಾತ

ಅಪ್ಪಾ,

ನೀನು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ನೀನೂ ತಮ್ಮನೂ ಸೇರಿ ಅವನ ಹಿತ್ತಲಲ್ಲಿ ಕಟ್ಟಿದ ಪುಟ್ಟ ಜಲಪಾತ ಈಗ ಸೋರುತ್ತಿದೆ. "ಅಕ್ಕಾ, ಕೊಳದ ನೀರು ದಿನಾ ಇಳೀತಿದೆ, ಒಂಚೂರು ಬಂದು ನೋಡ್ತೀಯಾ?" ಎಂದು ಇವತ್ತು ಬೆಳಿಗ್ಗೆ ಅವನೇ ಕರೆದ. ಹೋದೆ.

ಒಂದೊಂದೇ ಕಲ್ಲು ತೋರಿಸುತ್ತಾ, "ಇದು ಅಪ್ಪ ಇಟ್ಟಿದ್ದು, ಇದು ನಾನು" ಎನ್ನುತ್ತಿದ್ದ. ನನ್ನ ಹೊಟ್ಟೆ ಉರಿದುಹೋಯಿತು. ಆಗ ನೀನು ನನ್ನನ್ನೂ ಎರಡು ಸಲ ಕರೆದಿದ್ದೆ, ನನಗೇ ಪುರುಸೊತ್ತಿರಲಿಲ್ಲ.

ಜಲಪಾತದಿಂದ ಕೊಳಕ್ಕೆ ಹರಿಯುವ ಪುಟ್ಟ ತೊರೆಯ ತಿರುವಿನಲ್ಲಿ ಒಂದು ಕಲ್ಲು ಕುಸಿದು, ತಳಕ್ಕೆ ಹಾಸಿದ್ದ ರಬ್ಬರ್ ಹಾಳೆಯ ಅಂಚು ಬಗ್ಗಿ, ನೀರೆಲ್ಲ ಮಣ್ಣಿಗೆ ಹೋಗುತ್ತಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆ ಅಂಚನ್ನು ಕೈಯಿಂದ ಎತ್ತಿಟ್ಟರೆ ಸಾಕಿತ್ತು.

"ಸಿಕ್ತಾ ಅಕ್ಕಾ?"

"ಇಲ್ಲ ಕಣೋ" ಎಂದೆ. "ಎಲ್ಲಾ ಕಲ್ಲೂ ತೆಗೆದು ಮೊದಲಿಂದ ಕಟ್ಟಬೇಕು. ನಾನೂ ಬರ್ತೀನಿ."