ಏಳನೇ ಡ್ರಾಯರಿನ ಗಂಡು

ಪ್ರೀತಿಯ ಅಕ್ಕನಿಗೆ,

ಸಮಸ್ತ ಬಂಧುಬಳಗಕ್ಕೆ ಈ ಮೂಲಕ ಸಾರುವುದೇನೆಂದರೆ, ನಮ್ಮ ಸಂಗ್ರಹಾಲಯದ ಕೀಟ ವಿಭಾಗದಲ್ಲಿ ಮೂರು ವರ್ಷದಿಂದ ಜಪ್ಪಯ್ಯ ಅಂದರೂ ಅಲುಗದಿದ್ದ ಏಳನೇ ಡ್ರಾಯರು ನಿನ್ನೆ ತೆರೆಯಿತು. "ಇದು ಕೆಟ್ಟಿಲ್ಲ ಸಾರ್, ಯಾರೋ ಬೇಕಂತಲೇ ಸಂದಿಗೆ ರಟ್ಟು ತುರುಕಿದಾರೆ" ಅಂದ ಬಡಗಿ. ತುರುಕಿದ್ದು ಇದೇ ವಿಭಾಗದಲ್ಲಿ ಕೆಲಸಕ್ಕಿದ್ದ ಭಾವ.

ಒಳಗಿದ್ದದ್ದು ನಿನ್ನ ಕಣಜದ ಹುಳ. ಕಂಬಳಿಹುಳದ ಮೈಯೊಳಗೆ ಬೆಳೆದು, ಅದನ್ನೇ ತಿಂದು ಮುಗಿಸಿ ಹೊರಬರುವ ಆ ಪುಣ್ಯಾತ್ಮನಿಗೆ, ಹೊಸ ಜಾತಿಯೆಂದು ಮದುವೆಯಾದ ವರ್ಷ ಭಾವ ನಿನ್ನ ಹೆಸರಿಟ್ಟಿದ್ದರಲ್ಲ, ಅದೇ. "ಬೇರೆ ಗಂಡಂದಿರು ಉಂಗುರ ತರ್ತಾರೆ, ನೀವು ಹುಳ ತಂದ್ರಿ" ಎಂದು ನೀನು ವಾರಗಟ್ಟಲೆ ಮಾತು ಬಿಟ್ಟಿದ್ದೆ. ಆಮೇಲೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದವಳೂ ನೀನೇ.

ವಿಷಯ ಇಷ್ಟು. ಅದು ಹೊಸ ಜಾತಿಯಲ್ಲ, ಪಕ್ಕದ ಪೆಟ್ಟಿಗೆಯಲ್ಲಿರುವ ಹಳೆಯ ಜಾತಿಯದೇ ಗಂಡು. ಹೆಣ್ಣಿಗೆ ಮೊಟ್ಟೆಯಿಡುವ ಉದ್ದನೆಯ ಕೊಳವೆ ಬಾಲದಂತೆ ಇರುತ್ತದೆ, ಗಂಡಿಗಿಲ್ಲ. ಹಾಗಾಗಿ ಬೇರೆಯೆನಿಸಿತ್ತು. ಮೊದಲಿಟ್ಟ ಹೆಸರೇ ಉಳಿಯಬೇಕೆಂಬುದು ನಿಯಮ. ನಿನ್ನದು ಹೋಗುತ್ತದೆ.

ರಟ್ಟಿನ ಮೇಲೆ ಭಾವನ ಪೆನ್ಸಿಲ್ ಅಕ್ಷರವಿತ್ತು: "ಇದು ಗಂಡೇ. ತಪ್ಪು ನನ್ನದು. ಅವಳಿಗೆ ಬಾಮೈದ ಹೇಳಲಿ, ನನಗೆ ಧೈರ್ಯವಿಲ್ಲ."

ಹೇಳಿದ್ದೇನೆ. ಭಾವ ತೀರಿಕೊಂಡು ಎರಡು ತಿಂಗಳಾಯಿತು. ನನಗಿನ್ನೂ ಅಳು ಬಂದಿಲ್ಲ. ದಿನಾ ಡ್ರಾಯರುಗಳ ಗಾಜು ಒರೆಸುತ್ತೇನೆ, ಅಷ್ಟೆ.

ಈ ತಿದ್ದುಪಡಿ ಅವರ ಹೆಸರಿನಲ್ಲೇ ಅಚ್ಚಾಗಲಿ ಎಂದು ಸಂಶೋಧನಾ ಪತ್ರಿಕೆಯವರನ್ನು ಕೇಳಿಕೊಂಡಿದ್ದೇನೆ. ಅದಕ್ಕೆ ಹೆಂಡತಿಯ ಒಪ್ಪಿಗೆ ಬೇಕಂತೆ. ಜೊತೆಗಿಟ್ಟಿರುವ ಕಾಗದದಲ್ಲಿ, ಕೆಳಗಿನ ಗೆರೆಯ ಮೇಲೆ, ನಿನ್ನ ಪೂರ್ತಿ ಹೆಸರು ಬರೆದು ಕಳಿಸು.

ನಿನ್ನ ತಮ್ಮ