ಅಣ್ಣನ ಕೈಮೇಲಿನ ಕೆಂಪು ಚೌಕ

ಅತ್ತಿಗೆಯವರಿಗೆ ನಮಸ್ಕಾರ.

ಅಣ್ಣನ ಕೈಮೇಲೆ ಕೆಂಪು ಚೌಕ ಯಾಕೆ ಅಂತ ಕೇಳಿದ್ರಿ. ಗಾಬರಿ ಬೇಡ, ಅದು ಕೆಮಿಕಲ್ ಅಲ್ಲ, ಟೇಪಿನ ಗುರುತು. ಲ್ಯಾಬಿನಲ್ಲಿ ನಾವು ಮೊಲದ ಬೆನ್ನು ಬೋಳಿಸಿ, ಕಾರ್ಖಾನೆಯ ಕೆಮಿಕಲ್ ಚರ್ಮ ಸುಡುತ್ತಾ ಅಂತ ನೋಡೋಕೆ, ಅದನ್ನು ಹಚ್ಚಿದ ಪಟ್ಟಿಯನ್ನು ಟೇಪು ಹಾಕಿ ನಾಲ್ಕು ಗಂಟೆ ಅಂಟಿಸ್ತೀವಿ. ಅಷ್ಟೂ ಹೊತ್ತು ಅಣ್ಣ ತಮ್ಮ ಕೈಗೂ ಒಂದು ಖಾಲಿ ಪಟ್ಟಿ ಅಂಟಿಸ್ಕೊಂಡಿರ್ತಾರೆ. ಇದೇನು ಹುಚ್ಚು ಅಂತ ನಾನೂ ನಗ್ತಿದ್ದೆ.

ಹೋದ ವಾರ ಮೊಲದ ಚರ್ಮ ಕೆಂಪಾಗಿದ್ದಕ್ಕೆ ಕೆಮಿಕಲ್ಲೇ ಕಾರಣ ಅಂತ ಬರೆದೇಬಿಟ್ಟಿದ್ದೆ. ಅಣ್ಣ ತಮ್ಮ ಪಟ್ಟಿ ಕಿತ್ತು ತೋಳು ಚಾಚಿದ್ರು. ಅಲ್ಲೂ ಅದೇ ಕೆಂಪು. ತಪ್ಪು ಆ ವಾರ ಹೊಸದಾಗಿ ತರಿಸಿದ್ದ ಟೇಪಿನದು, ಅದನ್ನೆಲ್ಲ ಎಸೆದ್ವಿ. ಉಳಿದ ಮೊಲಗಳಿಗೆ ಅದೊಂದು ಉರಿಯಾದ್ರೂ ತಪ್ಪಿತು.

ಈ ವಾರ ಅವರ ಕೈಗೆ ಎಣ್ಣೆ ಹಚ್ಚಿ, ಮಾಯಲಿ. ಪಟ್ಟಿ ನಾನು ಅಂಟಿಸ್ಕೊಂಡಿದೀನಿ. ಗೊತ್ತಾಗದೆ ಬಲಗೈಗೇ ಅಂಟಿಸ್ಕೊಂಡೆ, ಅಕ್ಷರ ಸೊಟ್ಟಗಿದ್ರೆ ಬೇಜಾರಾಗಬೇಡಿ.

ಇಂತಿ,
ನಿಮ್ಮ ಮೈದುನನಂಥವನು