ಬೀರ ಓಟದಲ್ಲಿ ಸಾಯಲಿಲ್ಲ

ಹುಣಸೂರು
18-2-2024

ಪ್ರೀತಿಯ ಯತೀಶಣ್ಣನಿಗೆ,

ರಾಣಿ ಮಾಡುವ ನಮಸ್ಕಾರ. ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನೀನು ಅಷ್ಟು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಇದು ಬಾಯಲ್ಲಿ ಹೇಳಲಾಗುವ ಸಂಗತಿಯಲ್ಲ.

ಬೀರ ಓಟದಲ್ಲಿ ಬಿದ್ದು ಸತ್ತಿತು ಎಂದು ನನ್ನ ಗಂಡ ನಿನಗೆ ಹೇಳಿದ್ದಾನಂತೆ. ಸುಳ್ಳು. ಶಿವಶಂಕರನನ್ನು ಇನ್ನು 'ಅವರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ, ತಪ್ಪು ತಿಳಿಯಬೇಡ.

ರಾವಂದೂರಿನಿಂದ ಹೋರಿ ಬೀರನನ್ನು ಕಳಿಸಿಕೊಡುವಾಗ ನೀನು ಅವನಿಗೆ ಎಷ್ಟು ಹೇಳಿದ್ದೆ. ನಾಲ್ಕು ಹಲ್ಲು ಬರುವವರೆಗೆ ಓಟಕ್ಕೆ ಕಟ್ಟಬೇಡ, ಉತ್ತ ಹೊಲದಲ್ಲಿ ಬರೀ ನೊಗ ಹಾಕಿ ನಡೆಸು, ಮೂಳೆ ಬಲಿತರೆ ಹತ್ತು ವರ್ಷ ಓಡುತ್ತದೆ ಎಂದೆ. ಅವನು ತಲೆಯಾಡಿಸಿದ. ಎರಡು ಹಲ್ಲು ಕಂಡ ಕೂಡಲೇ ಭೇರ್ಯದ ಗಾಡಿ ಓಟಕ್ಕೆ ಕಟ್ಟಿದ.

ಗೆರೆ ಮುಟ್ಟುವ ಮೊದಲೇ ಬೀರನ ಮುಂಗಾಲು ಮುರಿದು ಗಾಡಿ ಮಗುಚಿತು. ನೋಡಲು ಬಂದಿದ್ದವರು ನಕ್ಕರಂತೆ. ಟೆಂಪೋದಲ್ಲಿ ಹಾಕಿಕೊಂಡು ಬಂದವನು ಬೀರನನ್ನು ಅಂಗಳಕ್ಕೆ ಎಳೆದು ಕೆಡವಿ, ಕಬ್ಬಿಣದ ಪೈಪಿನಲ್ಲಿ ಹೊಡೆಯತೊಡಗಿದ. ಪಕ್ಕದ ಮನೆಯ ನಂಜಣ್ಣ ಓಡಿ ಬಂದು ತೋಳು ಹಿಡಿದರು.

"ಕಾಲು ಮುರ್ದದೆ ಕಣ್ಲಾ, ಡಾಕ್ಟ್ರನ್ನ ಕರಿ."

"ನನ್ ಮಾನ ಕಳೀತು. ಇದ್ರ ಜೀವ ಯಾಕಿರ್ಬೇಕು" ಎಂದು ಅವರನ್ನೂ ತಳ್ಳಿದ.

ಒಂದು ಕೊಂಬು ಕಿತ್ತು ಜೋತುಬಿತ್ತು. ಆಮೇಲೆ ಕಣ್ಣು ಹೋಯಿತು. ಬೀರ ಏಳಲು ನೋಡಿದಾಗಲೆಲ್ಲ ಮುರಿದ ಮೂಳೆ ಚರ್ಮ ಸೀಳಿ ಹೊರಗೆ ಬರುತ್ತಿತ್ತು. ನಾನು ಅಡ್ಡ ಹೋದೆ. ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಗಾಡಿಯ ಗೂಟ ನನ್ನ ಕೈಗೆ ಸಿಕ್ಕಿತು. ಅವನ ಮಣಿಕಟ್ಟಿಗೆ ಹೊಡೆದೆ, ಪೈಪು ಬಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ ಅಣ್ಣ. ಮಂಡಿ ಒಡೆದೆ. ಬಿದ್ದ ಮೇಲೂ ಹೊಡೆದೆ. ನಂಜಣ್ಣ ಹಿಡಿಯದಿದ್ದರೆ ಕೊಂದೇಬಿಡುತ್ತಿದ್ದೆ.

ಡಾಕ್ಟರು ಬಂದು ಬೀರನ ಕಾಲು ನೋಡಿ, ಇನ್ನು ನರಳಿಸುವುದು ಬೇಡ ಎಂದು ಸೂಜಿ ಕೊಟ್ಟರು. ತಲೆ ನನ್ನ ತೊಡೆಯ ಮೇಲಿತ್ತು. ಸ್ವಲ್ಪ ಹೊತ್ತು ಕಿವಿ ಆಡಿಸಿತು, ಅಷ್ಟೇ.

ಅವನು ಆಸ್ಪತ್ರೆಯಲ್ಲಿದ್ದಾನೆ. ಅತ್ತೆ ಬಯ್ಯುತ್ತಾರೆಂದುಕೊಂಡಿದ್ದೆ. ಅವರೇ ನನ್ನ ಬಟ್ಟೆ ಚೀಲಕ್ಕೆ ತುಂಬಿ, "ವೋಗ್ಬುಡವ್ವ, ಅವ್ನು ಎದ್ ನಡೆದ್ರೆ ನಿನ್ನ ಉಳ್ಸಕಿಲ್ಲ" ಎಂದರು. ಈಗ ಗೆಳತಿ ರೂಪಶ್ರೀಯ ಜೊತೆ ಇದ್ದೇನೆ. ಇಬ್ಬರೂ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುತ್ತೇವೆ. ಪೊಲೀಸರಿಗೆ ನಡೆದದ್ದನ್ನೆಲ್ಲ, ನಾನು ಹೊಡೆದದ್ದನ್ನೂ ಹೇಳಿದ್ದೇನೆ. ಬಂದದ್ದನ್ನು ಅನುಭವಿಸುತ್ತೇನೆ.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಕೊಟ್ಟಿಗೆ ತುಂಬಿರಲಿ.

ನಿನ್ನ ತಂಗಿ,
ರಾಣಿ

ಇನ್ನೊಂದು ಮಾತು: ಬಂದು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಮೆಸೇಜ್ ಹಾಕಿದ್ದೀಯ. ಬರಬೇಡ. ಹೋದ ವರ್ಷ ಅವನು ಒದ್ದು ನನ್ನ ಹೊಟ್ಟೆಯಲ್ಲಿದ್ದ ಮಗು ಹೋದಾಗ, ರಕ್ತದ ಸೀರೆಯಲ್ಲೇ ನಿನ್ನ ಬಾಗಿಲಿಗೆ ಬಂದಿದ್ದೆ. ಅವನು ಬೈಕಿನಲ್ಲಿ ಹುಡುಕಿಕೊಂಡು ಬಂದ. ನೀನು ಅವನಿಗೆ ಊಟ ಹಾಕಿಸಿ, "ವೊಂದ್ಕಂಡ್ ವೋಗವ್ವ" ಎಂದು ನನ್ನನ್ನು ಹಿಂದೆ ಕೂರಿಸಿದೆ. ಅವನಿಗೆ ಏನೂ ಹೇಳಲಿಲ್ಲ.